ಗೊತ್ತಿರುವ ಮಾತಿಗೆ ಅರ್ಥ ಹೇಳುವ ಕಷ್ಟ

ಮನೆಯಲ್ಲಿ ಇಂಗ್ಲಿಷ್ ನಿಘಂಟೊಂದನ್ನು ಇಟ್ಟುಕೊಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. ಆ ಪುಸ್ತಕದ ಕೆಲವು ಪುಟಗಳು ಬೆರಳು ತಾಗಿ ತಾಗಿ ಮಾಸಿರುತ್ತವೆ. ಉಳಿದವು ಅಂಗಡಿಯಿಂದ ತಂದ ದಿನದ ಹಾಗೆಯೇ ಇರುತ್ತವೆ. ನಾವು ನಿಘಂಟನ್ನು ತೆರೆಯುವುದು ಕಷ್ಟದ ಶಬ್ದಕ್ಕಾಗಿ. ‘ಕಮ್’, ‘ಗೋ’, ‘ಟೇಕ್’ ಎಂಬ ಮಾತುಗಳನ್ನು ಹುಡುಕಲು ಯಾರೂ ತೆರೆಯುವುದಿಲ್ಲ; ತೆರೆದವನನ್ನು ಕಂಡರೆ ಪಕ್ಕದವರು ನಕ್ಕಾರು. ಆದರೆ ನಿಘಂಟು ಬರೆಯುವವನ ಪಾಡು ಇದಕ್ಕೆ ತಿರುಗುಮುರುಗು. ಕಷ್ಟದ ಶಬ್ದಕ್ಕೆ ಅವನು ಒಂದು ಸಾಲಿನಲ್ಲಿ ಅರ್ಥ ಬರೆದು ಮುಂದೆ ಹೋಗುತ್ತಾನೆ. ಅವನ ಬೆವರಿಳಿಸುವುದು ಅಡಿಗೆಮನೆಯ, ಅಂಗಳದ ಮಾತು. ಇಷ್ಟು ಸಣ್ಣ ಸಂಗತಿ ಇಂಗ್ಲಿಷರಿಗೆ ಪೂರ್ತಿಯಾಗಿ ಮನವರಿಕೆಯಾಗಲು ಇನ್ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಇಂಗ್ಲಿಷ್ ಶಬ್ದಗಳಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಮೊದಲ ಪುಸ್ತಕ ಅಚ್ಚಾದದ್ದು 1604ರಲ್ಲಿ. ಅದನ್ನು ರಚಿಸಿದವನು ರಾಬರ್ಟ್ ಕಾಡ್ರಿ ಎಂಬ ಉಪಾಧ್ಯಾಯ. ಮತಾಧಿಕಾರಿಗಳೊಡನೆ ಹೊಂದಿಕೊಳ್ಳದೆ ಪಾದ್ರಿಯ ಕೆಲಸವನ್ನು ಕಳೆದುಕೊಂಡಿದ್ದವನು. ಅವನ ಪುಸ್ತಕ ಚಿಕ್ಕದು. ಅದರಲ್ಲಿದ್ದ ಶಬ್ದಗಳು ಸುಮಾರು 2,500, ಎಲ್ಲವೂ ಲ್ಯಾಟಿನ್, ಗ್ರೀಕ್, ಫ್ರೆಂಚ್ ಮುಂತಾದ ಭಾಷೆಗಳಿಂದ ಬಂದ ‘ಗಟ್ಟಿ’ ಶಬ್ದಗಳು. ಶಾಲೆಯಲ್ಲಿ ಲ್ಯಾಟಿನ್ ಕಲಿಯುವ ಅವಕಾಶವಿಲ್ಲದ ಸ್ತ್ರೀಯರ ಮತ್ತು ಇತರ ಅಲ್ಪಜ್ಞರ ಉಪಯೋಗಕ್ಕೆ ಎಂದು ಮುಖಪುಟದಲ್ಲೇ ಹೇಳಿದ್ದ. ಅವನ ಹಿಂದೆಯೇ ಬಂದ ಕೋಶಕಾರರದೂ ಅದೇ ದಾರಿ. 1623ರಲ್ಲಿ ಹೆನ್ರಿ ಕಾಕೆರಮ್ ಎಂಬವನು ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಪುಸ್ತಕದ ಎರಡನೆಯ ಭಾಗದಲ್ಲಿ ಸಾದಾ ಮಾತುಗಳನ್ನು ಕೊಟ್ಟು, ಅವುಗಳ ಬದಲಿಗೆ ಬಳಸಬಹುದಾದ ಆಡಂಬರದ ಶಬ್ದಗಳನ್ನು ಪಟ್ಟಿ ಮಾಡಿದ. ಮನೆಮಾತಿಗೆ ಜರಿಪೇಟ ತೊಡಿಸುವ ಈ ಚಪಲ ಯಾವ ದೇಶದಲ್ಲಿಲ್ಲ! ನಮ್ಮಲ್ಲಿಯೂ ‘ನೀರು’ ಎನ್ನಬೇಕಾದಲ್ಲಿ ‘ಜಲ’ ಎಂದರೆ ವಿದ್ವತ್ತು ಹೆಚ್ಚಿತೆಂದು ತಿಳಿದವರುಂಟು.

ದಿನಬಳಕೆಯ ಮಾತಿಗೆ ನಿಘಂಟಿನ ಬಾಗಿಲು ತೆರೆದದ್ದು 1702ರಲ್ಲಿ. ಆ ವರ್ಷ ಜೆ. ಕೆ. ಎಂಬ ಅಕ್ಷರಗಳ ಮರೆಯಲ್ಲಿ ಒಬ್ಬನು ಒಂದು ಕೋಶವನ್ನು ಹೊರತಂದ. ಜಾನ್ ಕೆರ್ಸಿ ಎಂಬವನೇ ಈತನೆಂದು ವಿದ್ವಾಂಸರು ಗುರುತಿಸಿದ್ದಾರೆ. ಆದರೆ ಬಾಗಿಲು ತೆರೆದರೂ ಒಳಗೆ ಕುಳ್ಳಿರಿಸಿ ಉಪಚರಿಸುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. 1721ರಲ್ಲಿ ಬಂದ ನೇಥನ್ ಬೇಲಿಯ ಕೋಶ ಆ ಶತಮಾನದಲ್ಲಿ ಬಹಳ ಜನಪ್ರಿಯವಾದ ಪುಸ್ತಕ. ಅದರಲ್ಲಿ ನಾಯಿಯಂಥ ಪ್ರಾಣಿಯ ಪ್ರಸ್ತಾಪ ಬಂದರೆ, ಅದು ಎಲ್ಲರೂ ಬಲ್ಲ ಪ್ರಾಣಿಯೆಂದು ಹೇಳಿ ಕೈತೊಳೆದುಕೊಂಡಿದೆ. ಎಲ್ಲರೂ ಬಲ್ಲರು, ನಿಜ. ಬಲ್ಲದ್ದನ್ನು ಹೇಳುವುದು ಹೇಗೆ?

ಈ ಪ್ರಶ್ನೆಯನ್ನು ಎದುರಿಸಿ ನಿಂತ ಮೊದಲ ಧೀರ ಡಾಕ್ಟರ್ ಸಾಮ್ಯುಅಲ್ ಜಾನ್ಸನ್. ಲಂಡನ್ನಿನ ಪುಸ್ತಕ ವ್ಯಾಪಾರಿಗಳು 1746ರಲ್ಲಿ 1,500 ಗಿನಿಗಳಿಗೆ ಅವನೊಡನೆ ಕರಾರು ಮಾಡಿಕೊಂಡರು. ಮೂರು ವರ್ಷಗಳಲ್ಲಿ ಮುಗಿಸುತ್ತೇನೆಂದು ಹೊರಟವನಿಗೆ ಒಂಬತ್ತು ವರ್ಷ ಹಿಡಿಯಿತು. ಗಫ್ ಸ್ಕ್ವೇರಿನ ಮನೆಯ ಅಟ್ಟದಲ್ಲಿ ಆರು ಮಂದಿ ಬರಹಗಾರರನ್ನು ಕೂರಿಸಿಕೊಂಡು ದುಡಿದ. ಅವರಲ್ಲಿ ಐವರು ಸ್ಕಾಟ್ಲೆಂಡಿನವರು. ಆದರೂ ‘ಓಟ್ಸ್’ ಎಂಬ ಧಾನ್ಯವನ್ನು ಇಂಗ್ಲೆಂಡಿನಲ್ಲಿ ಕುದುರೆ ತಿನ್ನುತ್ತದೆ, ಸ್ಕಾಟ್ಲೆಂಡಿನಲ್ಲಿ ಜನ ತಿನ್ನುತ್ತಾರೆ ಎಂಬರ್ಥದ ವಿವರಣೆಯನ್ನು ಬರೆಯಲು ಅವನು ಹಿಂಜರಿಯಲಿಲ್ಲ. ಕೆಲಸ ನಡೆಯುತ್ತಿದ್ದಾಗಲೇ, 1752ರಲ್ಲಿ, ಹೆಂಡತಿ ತೀರಿಕೊಂಡಳು. 1755ರ ಏಪ್ರಿಲಿನಲ್ಲಿ ಎರಡು ಭಾರಿ ಸಂಪುಟಗಳು ಹೊರಬಂದವು.

ಜಾನ್ಸನ್ ಮಾಡಿದ ದೊಡ್ಡ ಕೆಲಸವೆಂದರೆ ಸಣ್ಣ ಮಾತುಗಳನ್ನು ಗೌರವದಿಂದ ಕಂಡದ್ದು. ‘ಟೇಕ್’ ಎಂಬ ಒಂದು ಕ್ರಿಯಾಪದಕ್ಕೆ ಅವನು 134 ಅರ್ಥಗಳನ್ನು ಬಿಡಿಸಿಟ್ಟ. ಗ್ರಂಥಗಳಿಂದ ಪ್ರಯೋಗಗಳನ್ನು ಎತ್ತಿ ತೋರಿಸಿದ. ಅರ್ಥ ಹೇಳುವಾಗ, ಹೇಳಬೇಕಾದ ಶಬ್ದಕ್ಕಿಂತ ಸರಳವಾದ ಶಬ್ದ ಬೇಕು. ಅತ್ಯಂತ ಸರಳವಾದುದಕ್ಕೆ ಅದಕ್ಕಿಂತ ಸರಳವಾದುದನ್ನು ಎಲ್ಲಿಂದ ತರೋಣ ಎಂದು ಮುನ್ನುಡಿಯಲ್ಲಿ ತನ್ನ ಸಂಕಟವನ್ನು ತೋಡಿಕೊಂಡಿದ್ದಾನೆ. ಆ ಸಂಕಟ ಎಷ್ಟರದೆಂಬುದಕ್ಕೆ ‘ನೆಟ್‌ವರ್ಕ್’ ಎಂಬ ಮಾತಿಗೆ ಅವನು ಕೊಟ್ಟ ಅರ್ಥವೇ ಸಾಕ್ಷಿ. ಬಲೆಯಂತೆ ಹೆಣೆದದ್ದು ಎಂದರೆ ಮುಗಿಯುತ್ತಿತ್ತು. ಆತ ಲ್ಯಾಟಿನ್ನಿನ ಮೂರು ಬೃಹತ್ ಶಬ್ದಗಳನ್ನು ಪೇರಿಸಿ, ಬಲೆಯನ್ನು ಎಂದೂ ಕಾಣದವನಿಗಿರಲಿ, ಬೆಸ್ತನಿಗೇ ಬಲೆ ಯಾವುದೆಂದು ತಿಳಿಯದಂತೆ ಮಾಡಿದ. ಕುದುರೆಯ ಕಾಲಿನ ಒಂದು ಭಾಗಕ್ಕೆ ತಪ್ಪು ಅರ್ಥ ಕೊಟ್ಟದ್ದೇಕೆಂದು ಮಹಿಳೆಯೊಬ್ಬಳು ಕೇಳಿದಾಗ, ಬರಿಯ ಅಜ್ಞಾನದಿಂದ ಎಂದು ಒಪ್ಪಿಕೊಂಡನಂತೆ. ಇಂಥ ಮನುಷ್ಯನ ಮೇಲೆ ಸಿಟ್ಟಾಗುವುದು ಕಷ್ಟ.

ಮುಂದಿನ ನೂರು ವರ್ಷ ಜಾನ್ಸನ್ನನದೇ ರಾಜ್ಯ. 1857ರಲ್ಲಿ ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯಲ್ಲಿ ರಿಚರ್ಡ್ ಟ್ರೆಂಚ್ ಎಂಬ ಪಾದ್ರಿ ಎರಡು ಪ್ರಬಂಧಗಳನ್ನು ಓದಿದ. ಕೋಶಕಾರನು ಚರಿತ್ರಕಾರ, ನ್ಯಾಯಾಧಿಪತಿಯಲ್ಲ. ಭಾಷೆಯಲ್ಲಿರುವ ಶಬ್ದವನ್ನೆಲ್ಲ, ಒಳ್ಳೆಯದು ಕೆಟ್ಟದ್ದು ಎನ್ನದೆ, ಅದರ ಹುಟ್ಟಿನಿಂದ ಹಿಡಿದು ದಾಖಲಿಸಬೇಕು ಎಂಬುದು ಅವನ ವಾದ. ಸಂಘದವರು ಓದುಗರನ್ನು ಕೂಡಿಸಿ, ಹಳೆಯ ಗ್ರಂಥಗಳಿಂದ ಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು ಕಳುಹಿಸುವ ಏರ್ಪಾಡು ಮಾಡಿದರು. ಮೊದಲ ಸಂಪಾದಕ ಹರ್ಬರ್ಟ್ ಕೋಲ್ರಿಜ್ 1861ರಲ್ಲಿ ಮೂವತ್ತನೆಯ ವಯಸ್ಸಿಗೇ ಕ್ಷಯದಿಂದ ಸತ್ತ. ಅನಂತರ ಬಂದ ಫರ್ನಿವಾಲ್‌ಗೆ ಉತ್ಸಾಹ ಅಪಾರ, ವ್ಯವಸ್ಥೆ ಅಷ್ಟಕ್ಕಷ್ಟೆ.

1879ರಲ್ಲಿ ಈ ಭಾರವನ್ನು ಹೊತ್ತವನು ಜೇಮ್ಸ್ ಮರ್ರೆ. ಸ್ಕಾಟ್ಲೆಂಡಿನ ಹಳ್ಳಿಯೊಂದರ ದರ್ಜಿಯ ಮಗ. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟವನು. ಲಂಡನ್ನಿನಲ್ಲಿ ಚಾರ್ಟರ್ಡ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಕೆಲವು ವರ್ಷ ಗುಮಾಸ್ತನಾಗಿದ್ದು, ಆಮೇಲೆ ಉಪಾಧ್ಯಾಯನಾದವನು. ಮನೆಯ ತೋಟದಲ್ಲಿ ತಗಡಿನ ಕೊಠಡಿಯೊಂದನ್ನು ಕಟ್ಟಿಸಿ, ಅದರ ಗೋಡೆಗೆ ಸಾವಿರಕ್ಕೂ ಹೆಚ್ಚು ಗೂಡುಗಳನ್ನು ಹೊಡೆಸಿದ. ಹಿಂದಿನವರು ಕೂಡಿಟ್ಟ ಚೀಟಿಗಳು ಸುಮಾರು ಎರಡು ಟನ್ ತೂಕ ಬಂದವು. ಒಂದು ಚೀಲದಲ್ಲಿ ಸತ್ತ ಹೆಗ್ಗಣ. ಇನ್ನೊಂದರಲ್ಲಿ ಸಂಸಾರ ಹೂಡಿದ ಇಲಿ. ‘ಎಚ್’ ಅಕ್ಷರದ ಚೀಟಿಗಳೆಲ್ಲ ಇಟಲಿಯ ಫ್ಲಾರೆನ್ಸಿನಲ್ಲಿ ಸಿಕ್ಕವು. ‘ಪಿ’ ಅಕ್ಷರದ ಒಂದು ಭಾಗ ಐರ್ಲೆಂಡಿನ ಮನೆಯೊಂದರಲ್ಲಿ ಒಲೆ ಹೊತ್ತಿಸಲು ಉಪಯೋಗವಾಗುತ್ತಿತ್ತು.

ಇವೆಲ್ಲ ಸಹಿಸಬಹುದಾದ ತೊಂದರೆಗಳು. ಚೀಟಿಗಳನ್ನು ವಿಂಗಡಿಸಿ ನೋಡಿದಾಗ ನಿಜವಾದ ತೊಂದರೆ ಕಾಣಿಸಿತು. ‘ಅಬ್ಯೂಷನ್’ ಎಂಬ, ಬಳಕೆ ತಪ್ಪಿಹೋದ ಶಬ್ದಕ್ಕೆ ಸುಮಾರು ಐವತ್ತು ಉದಾಹರಣೆಗಳು ಬಂದಿದ್ದವು. ಎಲ್ಲರ ಬಾಯಲ್ಲಿರುವ ‘ಅಬ್ಯೂಸ್’ ಶಬ್ದಕ್ಕೆ ಐದು ಕೂಡ ಇರಲಿಲ್ಲ! ಓದುಗರದು ತಪ್ಪೆನ್ನುವಂತಿಲ್ಲ. ಪುಸ್ತಕ ಓದುವವನ ಕಣ್ಣಿಗೆ ಅಪರೂಪದ ಶಬ್ದ ತಾನಾಗಿ ಬೀಳುತ್ತದೆ. ಬಳಕೆಯ ಶಬ್ದ, ಮೂಗಿನ ಮೇಲಿನ ಕನ್ನಡಕದಂತೆ, ಅದರ ಮೂಲಕವೇ ನೋಡುತ್ತಿದ್ದರೂ ಕಾಣುವುದಿಲ್ಲ. ನೂರಾರು ಜನ ಇಪ್ಪತ್ತು ವರ್ಷ ದುಡಿದು ಭಾಷೆಯ ಒಡವೆಗಳನ್ನೆಲ್ಲ ತಂದು ಸುರಿದಿದ್ದರು, ಅಕ್ಕಿಬೇಳೆ ತರುವುದನ್ನು ಮರೆತಿದ್ದರು. ಮರ್ರೆ ಹೊಸ ವಿಜ್ಞಾಪನೆಯನ್ನು ಅಚ್ಚು ಹಾಕಿಸಿ, ಸಾಮಾನ್ಯ ಶಬ್ದಗಳಿಗೂ ಪ್ರಯೋಗಗಳನ್ನು ಕಳುಹಿಸಿರೆಂದು ಇಂಗ್ಲೆಂಡು ಅಮೆರಿಕಗಳ ಓದುಗರನ್ನು ಬೇಡಿಕೊಂಡ. ಅಷ್ಟಾದರೂ ಸಾಲದೆ ಅವನೂ ಅವನ ಸಹಾಯಕರೂ ಗಂಟೆಗಟ್ಟಲೆ ಕುಳಿತು ಸಣ್ಣ ಮಾತುಗಳನ್ನು ತಾವೇ ಹುಡುಕಬೇಕಾಯಿತು.

ಹುಡುಕಿದ್ದಕ್ಕೆ ಫಲವಿತ್ತು. ಸಣ್ಣ ಮಾತಿನ ಹೊಟ್ಟೆಯಲ್ಲೇ ದೊಡ್ಡ ಚರಿತ್ರೆ ಅಡಗಿರುತ್ತದೆಂದು ಆಗ ಕಂಡಿತು. ನಾವು ಮಾತುಮಾತಿಗೆ ಬಳಸುವ ‘ನೈಸ್’ ಲ್ಯಾಟಿನ್ನಿನಲ್ಲಿ ಅರಿಯದವನೆಂಬ ಅರ್ಥದ ಮಾತಿನಿಂದ ಬಂದದ್ದು. ಇಂಗ್ಲಿಷಿಗೆ ಬಂದ ಹೊಸದರಲ್ಲಿ ಅದಕ್ಕೆ ದಡ್ಡ ಎಂದೇ ಅರ್ಥ. ಅಲ್ಲಿಂದ ಅತಿ ನಾಜೂಕು, ಅತಿ ಸೂಕ್ಷ್ಮ ಎಂದೆಲ್ಲ ಸುತ್ತಿ, ಹದಿನೆಂಟನೆಯ ಶತಮಾನದಲ್ಲಿ ‘ಚೆನ್ನಾಗಿದೆ’ ಎಂಬಲ್ಲಿಗೆ ಮುಟ್ಟಿತು. ‘ಸಿಲ್ಲಿ’ ಎಂಬುದರ ಪಯಣ ಇದರ ವಿರುದ್ಧ ದಿಕ್ಕಿನದು: ಮೊದಲು ಧನ್ಯ, ಆಮೇಲೆ ಸಾಧು, ಆಮೇಲೆ ಪಾಪದವನು, ಕೊನೆಗೆ ಪೆದ್ದ. ಸಾಧುವನ್ನು ಪೆದ್ದನೆನ್ನುವುದು ಲೋಕದ ರೀತಿ ತಾನೆ! ‘ಗರ್ಲ್’ ಎಂದರೆ ಒಂದು ಕಾಲಕ್ಕೆ ಗಂಡೋ ಹೆಣ್ಣೋ, ಯಾವ ಮಗುವಾದರೂ ಸರಿ. ‘ಮೀಟ್’ ಎಂದರೆ ಊಟದ ಯಾವ ಪದಾರ್ಥವಾದರೂ ಸರಿ. ನಿರ್ಮಾಂಸಾಹಾರಿಗಳು ಕೂಡ ‘ಸ್ವೀಟ್‌ಮೀಟ್’ ತಿನ್ನಲು ಅಂಜಬೇಕಾಗಿಲ್ಲದಿರುವುದು ಇದರಿಂದಲೇ. ಇನ್ನು ‘ಡಿಯರ್’, ಅಂದರೆ ಜಿಂಕೆ. ಮೂಲದಲ್ಲಿ ಅದು ಯಾವುದೇ ಪ್ರಾಣಿಗೆ ಸಲ್ಲುತ್ತಿದ್ದ ಮಾತು. ಇದು ನಮಗೆ ಹೊಸದೆನಿಸಬಾರದು. ಸಂಸ್ಕೃತದ ‘ಮೃಗ’ ಶಬ್ದಕ್ಕೂ ಕಾಡುಪ್ರಾಣಿ ಎಂದೂ ಉಂಟು, ಜಿಂಕೆ ಎಂದೂ ಉಂಟು. ಮೃಗಾಲಯದಲ್ಲಿ ಹುಲಿಯೂ ಇದೆ. ಮೃಗನಯನೆಯ ಕಣ್ಣು ಮಾತ್ರ ಹುಲಿಯದಲ್ಲ.

ಮರ್ರೆಯ ಬಳಿ ಸಂಬಳವಿಲ್ಲದೆ ದುಡಿದವರಲ್ಲಿ ಇಬ್ಬರ ಕಥೆ ಹೇಳದಿದ್ದರೆ ಈ ಬರಹ ಅಪೂರ್ಣ. ಒಬ್ಬ ಫಿಟ್ಸ್‌ಎಡ್ವರ್ಡ್ ಹಾಲ್. ಅಮೆರಿಕದವನಾದ ಈತ ಓಡಿಹೋದ ಸೋದರನನ್ನು ಹುಡುಕಿಕೊಂಡು 1846ರಲ್ಲಿ ಕಲ್ಕತ್ತೆಗೆ ಹೊರಟು, ಗಂಗಾ ಮುಖದಲ್ಲಿ ಹಡಗು ಒಡೆದು, ಕೊನೆಗೆ ಕಾಶಿಯ ಸಂಸ್ಕೃತ ಕಾಲೇಜಿನಲ್ಲಿ ಅಧ್ಯಾಪಕನಾದ. ಲಂಡನ್ನಿನಲ್ಲಿ ಸಂಸ್ಕೃತ ಪ್ರಾಧ್ಯಾಪಕನಾಗಿದ್ದಾಗ ವಿದ್ವಾಂಸರೊಡನೆ ಜಗಳವಾಗಿ, ಸಫಕ್ ಪ್ರಾಂತದ ಹಳ್ಳಿಯೊಂದನ್ನು ಸೇರಿ, ಲೋಕದ ಗೊಡವೆ ಬಿಟ್ಟು ಕುಳಿತ. ಅಲ್ಲಿಂದ, 1901ರಲ್ಲಿ ಸಾಯುವವರೆಗೆ, ಸುಮಾರು ಇಪ್ಪತ್ತು ವರ್ಷ ದಿನಕ್ಕೆ ನಾಲ್ಕು ಗಂಟೆ ನಿಘಂಟಿನ ಕರಡು ತಿದ್ದಿದ.

ಇನ್ನೊಬ್ಬ ಡಾಕ್ಟರ್ ಮೈನರ್. ಸಿಂಹಳದಲ್ಲಿ ಮಿಷನರಿಗಳ ಮಗನಾಗಿ ಹುಟ್ಟಿ, ಅಮೆರಿಕದ ಸೈನ್ಯದಲ್ಲಿ ವೈದ್ಯನಾಗಿದ್ದವನು. ಚಿತ್ತಭ್ರಮೆಯ ಭರದಲ್ಲಿ 1872ರಲ್ಲಿ ಲಂಡನ್ನಿನ ಬೀದಿಯಲ್ಲಿ ನಿರಪರಾಧಿ ಕೂಲಿಗಾರನೊಬ್ಬನನ್ನು ಗುಂಡಿಟ್ಟು ಕೊಂದ. ಬ್ರಾಡ್‌ಮೂರಿನ ಹುಚ್ಚರ ಆಸ್ಪತ್ರೆ ಅವನಿಗೆ ಮನೆಯಾಯಿತು. ಅಲ್ಲಿ ಪುಸ್ತಕಗಳನ್ನು ಕೂಡಿಸಿಕೊಂಡು ಓದುತ್ತಿದ್ದ ಅವನ ರೀತಿ ಇತರರದಂತಲ್ಲ. ಪ್ರತಿಯೊಂದು ಪುಸ್ತಕಕ್ಕೂ ಶಬ್ದಸೂಚಿಯನ್ನು ತಯಾರಿಸಿಟ್ಟುಕೊಂಡು, ಈಗ ನೀವು ಯಾವ ಶಬ್ದದ ಮೇಲೆ ಕೆಲಸ ಮಾಡುತ್ತಿದ್ದೀರಿ ಎಂದು ಆಕ್ಸ್‌ಫರ್ಡಿಗೆ ಬರೆದು ಕೇಳುವನು. ಅದಕ್ಕೆ ಬೇಕಾದ ಪ್ರಯೋಗಗಳನ್ನೇ ಆರಿಸಿ ಕಳುಹಿಸುವನು. ಒಡವೆಯಲ್ಲ, ಆ ದಿನದ ಅಡಿಗೆಗೆ ಬೇಕಾದ ಅಕ್ಕಿ! ಕಳೆದ ನಾಲ್ಕು ಶತಮಾನಗಳ ಇಂಗ್ಲಿಷನ್ನು ಮೈನರನ ಚೀಟಿಗಳಿಂದಲೇ ತೋರಿಸಿಬಿಡಬಹುದೆಂದು ಮರ್ರೆ ಮೆಚ್ಚಿ ನುಡಿದ. ಸತ್ತ ಕೂಲಿಗಾರನ ಹೆಂಡತಿ ಕೆಲವು ಕಾಲ ಮೈನರನನ್ನು ನೋಡಲು ಆಸ್ಪತ್ರೆಗೆ ಬರುತ್ತಿದ್ದಳು. ಅವರಿಬ್ಬರೂ ಕುಳಿತು ಏನು ಮಾತಾಡಿಕೊಂಡರೋ. ಅದಕ್ಕೆ ಯಾವ ಚೀಟಿಯೂ ಇಲ್ಲ.

ಹತ್ತು ವರ್ಷಗಳಲ್ಲಿ ಮುಗಿಯಬೇಕೆಂದು ಕರಾರಾಗಿದ್ದ ನಿಘಂಟಿನ ಮೊದಲ ಕಂತು ಐದು ವರ್ಷ ಕಳೆದು, 1884ರ ಆರಂಭದಲ್ಲಿ, 352 ಪುಟಗಳಲ್ಲಿ ಹೊರಬಂತು. ಅದು ಮುಟ್ಟಿದ್ದು ‘ಆಂಟ್’ ಶಬ್ದದವರೆಗೆ. ಐದು ವರ್ಷಕ್ಕೆ ಇರುವೆ! ಮುದ್ರಣದವರು ತಾಳ್ಮೆಗೆಟ್ಟದ್ದು ಸಹಜ. ಮರ್ರೆ ಆಕ್ಸ್‌ಫರ್ಡಿಗೆ ಮನೆ ಬದಲಾಯಿಸಿದ. ಅಲ್ಲೂ ತೋಟದಲ್ಲಿ ತಗಡಿನ ಕೊಠಡಿ. ಹನ್ನೊಂದು ಮಕ್ಕಳೂ ಕೈಖರ್ಚಿನ ಕಾಸಿಗೆ ಚೀಟಿ ವಿಂಗಡಿಸಿದರು. 1915ರ ಜುಲೈಯಲ್ಲಿ, ‘ಟಿ’ ಅಕ್ಷರದಲ್ಲಿರುವಾಗ, ಅವನು ತೀರಿಕೊಂಡ. ಕೃತಿ ಮುಗಿದದ್ದು 1928ರಲ್ಲಿ. 15,490 ಪುಟ, 4,14,825 ಶಬ್ದ. ಆ ಸಣ್ಣ ಕ್ರಿಯಾಪದಗಳ ಹಟ ಮಾತ್ರ ಇಂದಿಗೂ ತಗ್ಗಿಲ್ಲ. 1989ರ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದವಾದ ಬರಹ ‘ಸೆಟ್’ ಎಂಬುದರದು. ಈಚೆಗೆ ಪರಿಷ್ಕರಿಸಿದಾಗ ‘ರನ್’ ಎಂಬ ಒಂದೇ ಕ್ರಿಯಾಪದಕ್ಕೆ 645 ಅರ್ಥಗಳು ಲೆಕ್ಕಕ್ಕೆ ಸಿಕ್ಕವೆಂದು 2011ರಲ್ಲಿ ವರದಿಯಾಯಿತು. ಒಂಬತ್ತು ತಿಂಗಳ ದುಡಿಮೆ. ಪ್ರಯೋಗಗಳನ್ನು ಕಾಲಕ್ರಮದಲ್ಲಿ ಕೊಡುವ ಈ ಪದ್ಧತಿಯಲ್ಲೇ ನಮ್ಮ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು 1970ರಿಂದ 1995ರವರೆಗೆ ಹೊರಬಂದದ್ದನ್ನು ವಾಚಕರು ಬಲ್ಲರು.

ಮರ್ರೆಯ ಕಾಲದ ಒಂದು ಶಬ್ದ ಮಾತ್ರ ಅವನ ಕೈತಪ್ಪಿತು. ‘ಬಾಂಡ್‌ಮೇಡ್’, ಅಂದರೆ ತೊತ್ತು. ಬೈಬಲ್ ಓದಿದವರಿಗೆಲ್ಲ ಪರಿಚಿತವಾದ ಮಾತು. ಅದರ ಚೀಟಿಗಳ ಕಟ್ಟು ಎಲ್ಲೋ ಜಾರಿತ್ತು. ಅಚ್ಚಿನ ಹಲವು ಹಂತಗಳಲ್ಲಿ ಪುಟಗಳನ್ನು ನೋಡಿದವರಲ್ಲಿ ಒಬ್ಬರಿಗೂ ಅದು ಇಲ್ಲವೆಂದು ತೋಚಲಿಲ್ಲ. ಸಂಪುಟ ಹೊರಬಂದು ಎಷ್ಟೋ ವರ್ಷಗಳ ಮೇಲೆ ಇದು ಗೊತ್ತಾದಾಗ ಮರ್ರೆಗೆ ಬಹಳ ನಾಚಿಕೆಯಾಯಿತು. ಆ ತೊತ್ತಿಗೆ ನಿಘಂಟಿನಲ್ಲಿ ಸ್ಥಳ ಸಿಕ್ಕಿದ್ದು 1933ರ ಅನುಬಂಧದಲ್ಲಿ, ಅವನು ತೀರಿಕೊಂಡು ಹದಿನೆಂಟು ವರ್ಷಗಳಾದ ಮೇಲೆ.