ಮಲೆನಾಡಿನ ಜೀಪು ಮತ್ತು ಅದರ ಹರಾಜುಗಳು

ಅಮೆರಿಕದಲ್ಲಿ ಮಸಲ್ ಕಾರ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವುದು, ಮಧ್ಯಮ ಗಾತ್ರದ ಅಗ್ಗದ ಕಾರಿನ ಒಡಲಿಗೆ ದೊಡ್ಡ ಕಾರಿನ ಎಂಜಿನ್ ಕೂರಿಸಿ, ಯುವಕರ ವೇಗದ ಹುಚ್ಚನ್ನು ನೆಚ್ಚಿಕೊಂಡು ಮಾರಿದ ವಾಹನಗಳ ವರ್ಗ; 1964ರಲ್ಲಿ ಪಾಂಟಿಯಾಕ್ ಕಂಪನಿಯ ಜಿಟಿಒದಿಂದ ಅದರ ಉಚ್ಛ್ರಾಯ ಕಾಲ ಆರಂಭವಾಯಿತೆಂದೂ 1973ರ ತೈಲ ಬಿಕ್ಕಟ್ಟಿನ ಹೊತ್ತಿಗೆ ಮುಗಿಯಿತೆಂದೂ ಸಾಮಾನ್ಯವಾಗಿ ಹೇಳಲಾಗುತ್ತದೆ. ಆ ಕಾಲದಲ್ಲಿ ಕೆಲವೇ ಸಾವಿರ ಡಾಲರಿಗೆ ಸಿಗುತ್ತಿದ್ದ ಈ ಕಾರುಗಳು ಇಂದು ಹರಾಜಿನಲ್ಲಿ ಊಹೆಗೆ ನಿಲುಕದ ಬೆಲೆ ತರುತ್ತಿವೆ. ಹನ್ನೊಂದೇ ಹನ್ನೊಂದು ತಯಾರಾಗಿದ್ದ 1971ರ ‘ಪ್ಲಿಮತ್ ಹೆಮಿ ಕುಡಾ’ ಎಂಬ ತೆರೆದ ಕಾರುಗಳಲ್ಲಿ ಒಂದು 2014ರಲ್ಲಿ ಸಿಯಾಟಲ್ ನಗರದ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಬುಲಿಟ್ ಚಲನಚಿತ್ರದಲ್ಲಿ ಓಡಿದ್ದ 1968ರ ಫೋರ್ಡ್ ಮಸ್ಟಾಂಗ್ 2020ರ ಜನವರಿಯ ಹರಾಜಿನಲ್ಲಿ ಶುಲ್ಕವೂ ಸೇರಿ 37 ಲಕ್ಷ ಡಾಲರ್ ದಾಟಿತು. ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮಟ್ಟಿಗೆ ಈ ಕಾರುಗಳು ಪತ್ರಿಕೆಯ ಚಿತ್ರಗಳಷ್ಟೇ. ಆದರೆ ಅಮೆರಿಕದಲ್ಲೇ ಹುಟ್ಟಿದ ಇನ್ನೊಂದು ವಾಹನ ಈ ಸೀಮೆಯ ಕೃಷಿ, ಸಾಗಣೆ, ಚಿಕಿತ್ಸೆ, ಮದುವೆ, ತೀರ್ಥಯಾತ್ರೆ ಎಲ್ಲದರಲ್ಲೂ ಬೆರೆತುಹೋಗಿದ್ದು, ಅದರ ಚರಿತ್ರೆಯಲ್ಲಿಯೂ ಹೆಜ್ಜೆ ಹೆಜ್ಜೆಗೆ ಹರಾಜು ಎದುರಾಗುತ್ತದೆ. ಆ ವಾಹನ ಜೀಪು.

ಎರಡನೆಯ ಮಹಾಯುದ್ಧ ತನ್ನ ಬಾಗಿಲಿಗೆ ಬರುವ ಸೂಚನೆ ಕಂಡ ಅಮೆರಿಕದ ಸೇನೆ 1940ರಲ್ಲಿ ಕಾಲು ಟನ್ ಭಾರ ಹೊರುವ, ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಹಗುರವಾದ ಗಾಡಿಯೊಂದನ್ನು ಬಯಸಿದಾಗ ಬಾಂಟಮ್ ಎಂಬ ಸಣ್ಣ ಕಂಪನಿ ಅದರ ಮೊದಲ ಮಾದರಿಯನ್ನು ರೂಪಿಸಿತು. ಆದರೆ ಬೇಕಾದ ಪ್ರಮಾಣದಲ್ಲಿ ತಯಾರಿಸುವ ಶಕ್ತಿ ಅದಕ್ಕಿಲ್ಲದ್ದರಿಂದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳೇ ಯುದ್ಧ ಮುಗಿಯುವವರೆಗೆ ಸುಮಾರು 6.4 ಲಕ್ಷ ಜೀಪುಗಳನ್ನು ತಯಾರಿಸಿಕೊಟ್ಟವು. ಮೂರೂಕಾಲು ಮೀಟರ್ ಚಿಲ್ಲರೆ ಉದ್ದ, ಒಂದೂವರೆ ಮೀಟರಿಗಿಂತ ತುಸು ಹೆಚ್ಚು ಅಗಲದ ಈ ಗಾಡಿಯಲ್ಲಿದ್ದುದು 60 ಅಶ್ವಶಕ್ತಿಯ 2.2 ಲೀಟರ್ ಪೆಟ್ರೋಲ್ ಎಂಜಿನ್. ಮುಂದಿನ ಚಕ್ರಗಳಿಗೂ ಬಲ ಹಂಚುವುದಕ್ಕೆ ಒಂದು, ವೇಗವನ್ನು ತಗ್ಗಿಸಿ ಎಳೆಯುವ ಬಲವನ್ನು ಹೆಚ್ಚಿಸುವುದಕ್ಕೆ ಇನ್ನೊಂದು ಹೀಗೆ ಗೇರಿನ ಪಕ್ಕದಲ್ಲಿ ನಿಂತಿರುವ ಎರಡು ಸಣ್ಣ ಸನ್ನೆಗಳೇ ಅದರ ಜೀವಾಳವಾಗಿದ್ದು, ಮಲೆನಾಡಿನವರು ಸರಳವಾಗಿ ‘ಫೋರ್ ವೀಲ್ ಹಾಕುವುದು’ ಎನ್ನುವುದು ಇವುಗಳನ್ನು ಬಳಸುವ ಕ್ರಿಯೆಗೇ.

ಯುದ್ಧ ಮುಗಿದಾಗ ಭಾರತ ಮತ್ತು ಬರ್ಮಾದ ರಣರಂಗಗಳಿಗೆಂದು ಬಂದಿದ್ದ ಅಪಾರ ಸರಂಜಾಮನ್ನು ತಿರುಗಿ ಕೊಂಡೊಯ್ಯುವುದು ದುಬಾರಿಯಾಗಿದ್ದುದರಿಂದ ಸರ್ಕಾರ ಅದನ್ನು ಇಲ್ಲಿಯೇ ಹರಾಜಿನಲ್ಲಿ ವಿಲೇವಾರಿ ಮಾಡಿತು. ಹೀಗೆ ಕೈಬದಲಾದ ಸೇನೆಯ ಗಾಡಿಗಳಿಗೆ ‘ಡಿಸ್ಪೋಸಲ್ ಗಾಡಿ’ ಎಂಬ ಹೆಸರು ನಿಂತಿತು. ಭಾರತದಲ್ಲಿ ಜೀಪಿನ ಖಾಸಗಿ ಒಡೆತನ ಶುರುವಾದದ್ದೇ ಹರಾಜಿನಿಂದ ಎಂದರೆ ತಪ್ಪಾಗದು. ಇದೇ ಸಮಯಕ್ಕೆ, ಅಮೆರಿಕದಲ್ಲಿ ಭಾರತದ ಸರಬರಾಜು ನಿಯೋಗದ ಹೊಣೆ ಹೊತ್ತಿದ್ದ ಕೆ.ಸಿ. ಮಹೀಂದ್ರರು ಜೀಪಿನ ಸಾಧ್ಯತೆಯನ್ನು ಕಂಡುಕೊಂಡು ಮರಳಿದ್ದರು. ಅವರೂ ಅವರ ಅಣ್ಣ ಜೆ.ಸಿ. ಮಹೀಂದ್ರರೂ ಮಲಿಕ್ ಗುಲಾಂ ಮಹಮ್ಮದರ ಜೊತೆಗೂಡಿ 1945ರಲ್ಲಿ ಸ್ಥಾಪಿಸಿದ ಕಂಪನಿ, 1947ರಲ್ಲಿ ಮುಂಬಯಿಯ ಮಝಗಾಂವ್‌ನಲ್ಲಿ ಬಿಡಿಭಾಗಗಳನ್ನು ತರಿಸಿ ಜೀಪು ಜೋಡಿಸತೊಡಗಿತು. ದೇಶವಿಭಜನೆಯ ಬಳಿಕ ಮಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಅರ್ಥಮಂತ್ರಿಯಾದರೆ, ಇಲ್ಲಿ ಉಳಿದ ಕಂಪನಿಗೆ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂಬ ಹೆಸರಾಯಿತು. ಮುಂದೆ ಈ ಕಂಪನಿ ವಿಲ್ಲಿಸ್‌ನ ಸಿಜೆ 3ಬಿ ಮಾದರಿಯನ್ನು ಇಲ್ಲಿಯೇ ತಯಾರಿಸಿತು. ಒಳಬರುವ ಗಾಳಿಯ ಕವಾಟಗಳು ಎಂಜಿನ್ನಿನ ನೆತ್ತಿಯ ಮೇಲಿದ್ದ ಕಾರಣ ಅದರ ಹರಿಕೇನ್ ಎಂಬ ಎಂಜಿನ್ ಹಳೆಯದಕ್ಕಿಂತ ಎತ್ತರವಾಗಿದ್ದು, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಹಳೆಯ ಜೀಪುಗಳನ್ನು ಕೊಳ್ಳುವವರು ಇಂದಿಗೂ ಮೊದಲು ಕೇಳುವುದು ‘ಲೋ ಬಾನೆಟ್ಟೋ ಹೈ ಬಾನೆಟ್ಟೋ’ ಎಂದು.

ಯುದ್ಧಭೂಮಿಗಾಗಿ ಹುಟ್ಟಿದ ವಾಹನ ಶರಾವತಿ, ತುಂಗೆಯರ ಸೀಮೆಗೆ ಇಷ್ಟು ಒಗ್ಗಿದ್ದಕ್ಕೆ ಕಾರಣಗಳು ನೆಲದಲ್ಲೂ ಮಳೆಯಲ್ಲೂ ಊರುಗಳ ರಚನೆಯಲ್ಲೂ ಇವೆ. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒಂದೆಡೆ ಗುಂಪಾಗಿರದೆ, ಅಡಕೆ ತೋಟದ ಕಣಿವೆ, ಗದ್ದೆಬಯಲು, ಸೊಪ್ಪಿನಬೆಟ್ಟ ಎಂಬ ಮೂರರ ನಡುವೆ ಒಂದೊಂದಾಗಿ ಹರಡಿಕೊಂಡಿವೆ. ಸೊಪ್ಪಿನಬೆಟ್ಟವೆಂದರೆ ತೋಟದ ಗೊಬ್ಬರಕ್ಕೆ ಬೇಕಾದ ಹಸಿಸೊಪ್ಪು, ದರಕುಗಳಿಗಾಗಿ ತೋಟಗಾರರಿಗೆ ಬಿಟ್ಟುಕೊಟ್ಟ ಕಾಡು. ಪ್ರತಿ ಮನೆಗೂ ಮುಖ್ಯ ರಸ್ತೆಯಿಂದ ತನ್ನದೇ ಆದ ಇಳಿಜಾರಿನ ಮಣ್ಣುದಾರಿ, ಆ ದಾರಿಗೆ ಅಡ್ಡಲಾಗಿ ಒಂದಾದರೂ ಹಳ್ಳ, ಹಳ್ಳಕ್ಕೆ ಮಳೆಗಾಲದ ಸಂಕ (ಕಾಲುಸೇತುವೆ) ಇರುವುದು ಸಾಮಾನ್ಯ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಅದಕ್ಕೆ ಸಮನಾಗಿ ನಿಲ್ಲುತ್ತದೆ. ನಾಲ್ಕು ತಿಂಗಳ ಮಳೆಗೆ ಜಂಬಿಟ್ಟಿಗೆ ಮಣ್ಣಿನ ಚಡಾವು ಸಾಬೂನಿನಂತೆ ಜಾರುವಾಗ ಹಿಂದಿನ ಎರಡೇ ಚಕ್ರಗಳಿಂದ ಸಾಗುವ ಕಾರು ಮುಖ್ಯ ರಸ್ತೆಯಲ್ಲಿಯೇ ನಿಲ್ಲಬೇಕಾಗುತ್ತಿತ್ತು. ಎತ್ತಿನ ಗಾಡಿಗೆಂದು ಕಡಿದ ದಾರಿಯಲ್ಲಿಯೇ ಹಾಯ್ದು ಅಂಗಳದವರೆಗೆ ಬರುವ ಅಗಲವೂ ಬಲವೂ ಜೀಪಿಗಿದ್ದವು. ಕೊಯ್ಲಿನ ಅಡಕೆ ಗೊನೆ, ಮಂಡಿಗೆ ಹೋಗುವ ಚೀಲ, ಪೇಟೆಯಿಂದ ಬರುವ ಹಿಂಡಿ, ಹೆರಿಗೆ ನೋವಿನ ಹೆಂಗಸು, ಮದುವೆ ದಿಬ್ಬಣ, ಯಕ್ಷಗಾನಕ್ಕೆ ಹೊರಟ ಇಡೀ ಕೇರಿ, ಎಲ್ಲವೂ ಅದರಲ್ಲೇ. ಕೂರಲು ಎಷ್ಟು ಜನರಿಗೆ ಅನುಮತಿಯಿದೆ ಎಂಬ ಪ್ರಶ್ನೆಯನ್ನು ಆ ಕಾಲದಲ್ಲಿ ಯಾರೂ ಗಂಭೀರವಾಗಿ ಕೇಳಿದಂತೆ ಕಾಣುವುದಿಲ್ಲ.

ಹೊಸ ಜೀಪು ಮಾತ್ರ ಎಲ್ಲರ ಕೈಗೆಟುಕುವ ವಸ್ತುವಾಗಿರಲಿಲ್ಲ. ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ 1951ರ ಸಾಗರ ಸೀಮೆಯಲ್ಲಿ ಭೂಮಿಯ ಒಡೆತನ ಎಷ್ಟು ಕಡಿಮೆ ಜನರ ಕೈಯಲ್ಲಿತ್ತೋ ಮೋಟಾರಿನ ಒಡೆತನ ಅದಕ್ಕಿಂತಲೂ ಕಡಿಮೆ ಜನರ ಕೈಯಲ್ಲಿದ್ದಿರಬೇಕು. ಆ ಹಿಡಿತವನ್ನು ಸಡಿಲಿಸಿದ ಸಂಗತಿಗಳಲ್ಲಿ 1974ರ ಭೂಸುಧಾರಣೆಯನ್ನು ಎಲ್ಲರೂ ಹೇಳುತ್ತಾರೆ; ಸರ್ಕಾರಿ ಇಲಾಖೆಗಳ ಹರಾಜನ್ನು ಯಾರೂ ಹೇಳುವುದಿಲ್ಲ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು, ಬಳಿಕ ಹೊಸನಗರ ತಾಲ್ಲೂಕಿನ ಚಕ್ರಾ, ಸಾವೆಹಕ್ಲು, ಮಾಣಿ ಅಣೆಕಟ್ಟುಗಳು ಹೀಗೆ ನಾಲ್ಕೈದು ದಶಕ ಈ ಸೀಮೆಯಲ್ಲಿ ಸರ್ವೆ ಮತ್ತು ನಿರ್ಮಾಣದ ಕೆಲಸ ಬಿಡುವಿಲ್ಲದೆ ಸಾಗಿದ್ದು, ಲೋಕೋಪಯೋಗಿ, ಅರಣ್ಯ, ಕಂದಾಯ, ಪೊಲೀಸ್ ಇಲಾಖೆಗಳಿಗೂ ಜೀಪೇ ವಾಹನವಾಗಿತ್ತು. ಮುಳುಗಡೆಯಿಂದಾಗಿ ನೀರಿನಾಚೆ ಉಳಿದ ಕರೂರು, ಭಾರಂಗಿ ಹೋಬಳಿಗಳ ಜನರಿಗೆ ಹೊಳೆಬಾಗಿಲಿನ ಲಾಂಚ್ ಮೇಲೆ ಏರಿ ಬರುವ ಜೀಪು ಸಾಗರ ಪೇಟೆಯ ಕೊಂಡಿಯಾಯಿತು. ಅಣೆಕಟ್ಟು ಕಟ್ಟಲು ಬಂದ ವಾಹನವೇ ಅಣೆಕಟ್ಟಿನಿಂದ ದಾರಿ ಕಳೆದುಕೊಂಡವರಿಗೆ ಆಸರೆಯಾದ ವಿಚಿತ್ರ ಇದು.

ಇಲಾಖೆಯ ಜೀಪು ಓಡಿ ಓಡಿ ದುರಸ್ತಿಯ ಖರ್ಚು ಅದರ ಬೆಲೆಯನ್ನು ಮೀರತೊಡಗಿದಾಗ ಅದನ್ನು ಅನುಪಯುಕ್ತವೆಂದು ಘೋಷಿಸಿ, ಮೋಟಾರು ವಾಹನ ನಿರೀಕ್ಷಕರಿಂದ ಕನಿಷ್ಠ ಬೆಲೆ ಗೊತ್ತುಪಡಿಸಿಕೊಂಡು, ಪತ್ರಿಕೆಯಲ್ಲಿ ಪ್ರಕಟಣೆ ನೀಡಿ ಹರಾಜು ಹಾಕುವುದು ಪದ್ಧತಿಯಾಗಿತ್ತು. ಠೇವಣಿ ಕಟ್ಟಿದವರಷ್ಟೇ ಕೂಗಬಹುದಿತ್ತು. ಗಾಡಿಯನ್ನು ಇದ್ದಲ್ಲಿಂದ ಇದ್ದ ಸ್ಥಿತಿಯಲ್ಲಿಯೇ ಒಯ್ಯಬೇಕಿತ್ತು. ಬ್ಯಾಟರಿ ಇಲ್ಲ, ಟಯರು ಸವೆದಿದೆ ಎಂಬ ತಕರಾರಿಗೆ ಅವಕಾಶವಿರಲಿಲ್ಲ. ಈ ವ್ಯವಹಾರ ಅಡಕೆ ಬೆಳೆಗಾರನಿಗೆ ಹೊಸದೇನೂ ಆಗಿರಲಿಲ್ಲ, ಏಕೆಂದರೆ 1939ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡು ಅಡಕೆ ಮಾರಾಟ ಸಹಕಾರ ಸಂಘ, ಅಂದರೆ ಮ್ಯಾಮ್ಕೋಸ್, ಹುಟ್ಟಿದ ಮೇಲೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿದ ತನ್ನ ಬೆಳೆಗೆ ವ್ಯಾಪಾರಿಗಳು ಪೈಪೋಟಿಯಲ್ಲಿ ದರ ಹಾಕುವುದನ್ನು ಅವನು ನೋಡುತ್ತಲೇ ಬಂದಿದ್ದನು. ಮಂಡಿಯಲ್ಲಿ ಮಾರುವವನಾಗಿ ಕುಳಿತಿರುತ್ತಿದ್ದವನು ಇಲಾಖೆಯ ಅಂಗಳದಲ್ಲಿ ಕೊಳ್ಳುವವನಾಗಿ ನಿಂತನು. ಸೇನೆಯೂ ತನ್ನ ಹಳೆಯ ಜೀಪುಗಳನ್ನು, ಜಬಲ್ಪುರದ ಕಾರ್ಖಾನೆಯಲ್ಲಿ ನಿಸಾನ್ ಮಾದರಿಯ ಮೇಲೆ ತಯಾರಾಗುತ್ತಿದ್ದ ಜೋಂಗಾಗಳನ್ನು ಇದೇ ರೀತಿ ವಿಲೇವಾರಿ ಮಾಡುತ್ತಿದ್ದು, ‘ಮಿಲಿಟರಿ ಹರಾಜಿನ ಗಾಡಿ’ ಎಂಬ ಮಾತು ಮಲೆನಾಡಿನಲ್ಲಿ ಇಂದಿಗೂ ಒಂದು ಶಿಫಾರಸಿನಂತೆ ಬಳಕೆಯಲ್ಲಿದೆ.

ಹರಾಜಿನಿಂದ ಬಂದ ಗಾಡಿ ಮನೆಗೆ ಬರುವ ಮೊದಲು ಗ್ಯಾರೇಜಿಗೆ ಹೋಗುತ್ತಿತ್ತು, ಮತ್ತು ಅಮೆರಿಕದ ಹಳೆಯ ಕಾರುಗಳ ಚರಿತ್ರೆಯಿಂದ ಮಲೆನಾಡಿನ ಜೀಪಿನ ಚರಿತ್ರೆ ಬೇರೆಯಾಗುವುದು ಇಲ್ಲಿಯೇ. ಅಲ್ಲಿನ ಹರಾಜಿನಲ್ಲಿ ಬೆಲೆಯನ್ನು ಗೊತ್ತುಮಾಡುವ ದೊಡ್ಡ ಅಂಶವೆಂದರೆ ಸಂಖ್ಯೆಗಳ ತಾಳೆ. ಅಂದರೆ ಕಾರ್ಖಾನೆಯಿಂದ ಹೊರಟಾಗ ಇದ್ದ ಎಂಜಿನ್ನೇ ಅದೇ ಚಾಸಿಯ ಮೇಲೆ ಈಗಲೂ ಇದೆ ಎಂಬುದಕ್ಕೆ ಎರಡರ ಮೇಲೂ ಅಚ್ಚೊತ್ತಿದ ಸಂಖ್ಯೆಗಳು ಸಾಕ್ಷಿ ಹೇಳಬೇಕು. ಇಲ್ಲಿಯಾದರೋ, ಲೀಟರಿಗೆ ಏಳೆಂಟು ಕಿಲೋಮೀಟರ್ ಓಡುವ ಪೆಟ್ರೋಲ್ ಎಂಜಿನ್ ತೈಲ ಬಿಕ್ಕಟ್ಟಿನ ನಂತರ ಹೊರೆಯಾದಾಗ ಮಲೆನಾಡಿನವರು ಅದನ್ನು ಕಿತ್ತು ಡೀಸೆಲ್ ಎಂಜಿನ್ ಕೂರಿಸಿದರು. ಮಹೀಂದ್ರ ಕಂಪನಿಯ ಪ್ಯೂಜೋ ಮೂಲದ ಎಂಜಿನ್, ಮ್ಯಾಟಡೋರ್ ವ್ಯಾನಿನದು, ಟ್ರ್ಯಾಕ್ಟರ್ ಜಾತಿಯದು, ಯಾವುದು ಸಿಕ್ಕಿತೋ ಅದು. ತುಕ್ಕು ಹಿಡಿದ ತಳದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದರು, ಚಾಸಿಯನ್ನು ಉದ್ದಮಾಡಿ ಹಿಂಬದಿಗೆ ಎದುರುಬದುರು ಸೀಟು ಹಾಕಿದರು. ಸಂಗ್ರಾಹಕನ ಕಣ್ಣಿಗೆ ಇದು ವಿಕಾರ. ಆದರೆ ಗಾಡಿಯನ್ನು ಬದಲಿಸದೆ ಇಟ್ಟಿದ್ದರೆ ಅದು ಎಂದೋ ಗುಜರಿಗೆ ಹೋಗುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಅಮೆರಿಕದ ಕಾರು ಓಡದೆ ಉಳಿದು ಬೆಲೆ ಪಡೆಯಿತು, ಮಲೆನಾಡಿನ ಜೀಪು ಓಡುವ ಸಲುವಾಗಿ ತನ್ನ ಮೂಲ ಭಾಗಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟಿತು. ಈಗ ಮೂಲ ಹರಿಕೇನ್ ಎಂಜಿನ್ನಿಗೆ ಬೇಡಿಕೆ ಬಂದಿರುವುದು ಅದು ವಿರಳವಾಗಿರುವುದರಿಂದ, ವಿರಳವಾದದ್ದು ಹೀಗೆ ಕಿತ್ತೆಸೆದದ್ದರಿಂದ.

ಜೀಪನ್ನು ದುಡಿಮೆಯ ವಾಹನವಾಗಿಯೇ ಇಂದಿಗೂ ಕಾಣಬೇಕಿದ್ದರೆ ಹೊಸನಗರ ತಾಲ್ಲೂಕಿನ ಕೊಡಚಾದ್ರಿಗೆ ಹೋಗಬೇಕು. 1,343 ಮೀಟರ್ ಎತ್ತರದ ಈ ಬೆಟ್ಟದ ನೆತ್ತಿಯ ಸರ್ವಜ್ಞ ಪೀಠವನ್ನು ನೋಡಲು ಕೊಲ್ಲೂರು, ನಿಟ್ಟೂರು ಕಡೆಗಳಿಂದ ಬರುವ ಯಾತ್ರಿಕರನ್ನು ಕಟ್ಟಿನಹೊಳೆಯಿಂದ ಮೇಲಕ್ಕೆ ಸಾಗಿಸುವುದು ಬಾಡಿಗೆ ಜೀಪುಗಳೇ. ಬಂಡೆ, ಕೊರಕಲು, ಹಿಮ್ಮುರಿ ತಿರುವುಗಳ ಆ ಮಣ್ಣುದಾರಿಯಲ್ಲಿ ಚಾಲಕನ ಕೈಚಳಕಕ್ಕೆ ಗಾಡಿಯ ವಯಸ್ಸು ಅಡ್ಡಿಯಾಗುವುದಿಲ್ಲ.

ಉಳಿದೆಡೆ ಜೀಪಿನ ಅಗತ್ಯವನ್ನು ತೆಗೆದುಹಾಕಿದ್ದು ಡಾಂಬರು. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಆರಂಭವಾಗಿ, ರಾಜ್ಯದ ನಮ್ಮ ಗ್ರಾಮ ನಮ್ಮ ರಸ್ತೆ ಯೋಜನೆ ಅದರೊಡನೆ ಸೇರಿದ ಮೇಲೆ ಮಾರುತಿ ಕಾರು, ಓಮ್ನಿ ವ್ಯಾನುಗಳು ಕೇರಿಯವರೆಗೂ ಬಂದವು. ಶರಾವತಿ ಹಿನ್ನೀರಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ 2025ರ ಜುಲೈಯಲ್ಲಿ ಉದ್ಘಾಟನೆಯಾಗಿ ಹೊಳೆಬಾಗಿಲಿನ ಲಾಂಚಿನ ಕಾಲವೂ ಮುಗಿಯಿತು. ಬೇಕಾದಾಗ ಅಗ್ಗವಾಗಿದ್ದ ಗಾಡಿ ಬೇಡವಾದ ಮೇಲೆ ತುಟ್ಟಿಯಾಯಿತು. ಮಹೀಂದ್ರ ಕಂಪನಿ 2010ರಲ್ಲಿ ಹೊರತಂದ ಥಾರ್ ಹಳೆಯ ಜೀಪಿನ ಚಹರೆಯನ್ನೇ ಮಾರಿತು. 2020ರಲ್ಲಿ ಅದರ ಹೊಸ ಆವೃತ್ತಿಯ ಮೊದಲ ಗಾಡಿ ಕೋವಿಡ್ ಪರಿಹಾರಕ್ಕಾಗಿ ನಡೆದ ಆನ್‌ಲೈನ್ ಹರಾಜಿನಲ್ಲಿ 1.11 ಕೋಟಿ ರೂಪಾಯಿಗೆ ಹೋಯಿತು. ಇಲಾಖೆಯ ಅಂಗಳದಲ್ಲಿ ಠೇವಣಿ ಕಟ್ಟಿ ಜೀಪು ಕೂಗುತ್ತಿದ್ದವರಿಗೂ ಈ ಹರಾಜಿಗೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ.

ಕಾನೂನು ಕೂಡ ಸಂಗ್ರಹದ ಗಾಡಿಗೂ ದುಡಿಮೆಯ ಗಾಡಿಗೂ ನಡುವಿನ ಈ ಭೇದವನ್ನೇ ಗಟ್ಟಿಮಾಡಿದೆ. ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲಿಯೇ ಇರುವ ವಾಹನಗಳನ್ನು ವಿಂಟೇಜ್ ಎಂದು ಪರಿಗಣಿಸಿ 20,000 ರೂಪಾಯಿ ಶುಲ್ಕಕ್ಕೆ ಹತ್ತು ವರ್ಷಗಳ ಪ್ರತ್ಯೇಕ ನೋಂದಣಿ ನೀಡುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ಆದರೆ ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭಗಳಿಗೆ ಬಿಟ್ಟು ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ, ಎಂಜಿನ್ನು ಬದಲಿಸಿ ಚಾಸಿ ಉದ್ದಮಾಡಿದ ಮಲೆನಾಡಿನ ಜೀಪು ಆ ವ್ಯಾಖ್ಯೆಯೊಳಗೆ ಬರುವಂತೆಯೂ ಇಲ್ಲ. ಇನ್ನೊಂದು ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಅದರಂತೆ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ, ಅವು ನೋಂದಾಯಿತ ಗುಜರಿ ಘಟಕಗಳಿಗೇ ಹೋಗಬೇಕು. ಇಲಾಖೆಯ ಹಳೆಯ ಜೀಪು ಹರಾಜಿನ ಮೂಲಕ ಸಾಗರ, ಹೊಸನಗರ, ತೀರ್ಥಹಳ್ಳಿಯ ಬೆಳೆಗಾರನ ಅಂಗಳಕ್ಕೆ ಬರುತ್ತಿದ್ದ ದಾರಿ ಅಲ್ಲಿಗೆ ಮುಚ್ಚಿತು.