ಬೋಲ್ಟ್ ಆಕ್ಷನ್ ರೈಫಲ್: ‘ತ್ರೀ ನಾಟ್ ತ್ರೀ’ ಕಾಲ ಮುಗಿಯಿತೇ?

ಉದ್ದನೆಯ ನಳಿಗೆ, ಮರದ ಹಿಡಿ, ಹೆಗಲಿಗೆ ಪಟ್ಟಿ. ಗಡಿ ಭಾಗದ ಹಿರಿಯರಿಗೆ ಪೊಲೀಸ್ ಬಂದೂಕು ಎಂದರೆ ನೆನಪಾಗುವುದು ಇದೇ ‘ತ್ರೀ ನಾಟ್ ತ್ರೀ’. ಪ್ರತಿ ಸಲ ಗುಂಡು ಹಾರಿಸಿದ ಮೇಲೂ ಕೈಯಿಂದಲೇ ಚಿಲಕ ಎಳೆದು ಮುಂದಿನ ಗುಂಡು ತುಂಬಬೇಕಾದ ಈ ಬಗೆಯ ರೈಫಲ್‌ಗೆ ಬೋಲ್ಟ್ ಆಕ್ಷನ್ ಎಂದು ಹೆಸರು. ಒಂದೇ ಉಸಿರಿಗೆ 30 ಗುಂಡು ಉಗುಳುವ ಬಂದೂಕುಗಳ ಕಾಲದಲ್ಲಿ ಇದರಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜ. ಉತ್ತರ ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ಯಾವ ಕೆಲಸಕ್ಕೆ ಎಂಬುದರ ಮೇಲೆ ಅದು ನಿಂತಿದೆ.

ಏನಿದು ಬೋಲ್ಟ್ ಆಕ್ಷನ್?

ಬಾಗಿಲಿಗೆ ಹಾಕುವ ಉದ್ದ ಚಿಲಕವನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹಿಡಿಕೆಯನ್ನು ಮೇಲಕ್ಕೆತ್ತಿ ಹಿಂದಕ್ಕೆ ಎಳೆದರೆ ಖಾಲಿ ತೋಟಾ (ಮರಾಠಿಯಲ್ಲಿ ಕಾಡತೂಸ) ಹೊರಗೆ ಬೀಳುತ್ತದೆ. ಮುಂದಕ್ಕೆ ತಳ್ಳಿದರೆ ಮ್ಯಾಗಜಿನ್‌ನಿಂದ ಹೊಸ ತೋಟಾ ನಳಿಗೆಯೊಳಗೆ ಹೋಗುತ್ತದೆ. ಹಿಡಿಕೆಯನ್ನು ಕೆಳಗೆ ಒತ್ತಿದರೆ ಚಿಲಕ ಬಿಗಿಯಾಗುತ್ತದೆ. ಆಮೇಲೆ ಟ್ರಿಗರ್ ಒತ್ತಬಹುದು.

ಎ.ಕೆ. 47ರಂಥ ಬಂದೂಕಿನಲ್ಲಿ ಈ ಕೆಲಸವನ್ನೆಲ್ಲ ಗುಂಡಿನ ಮದ್ದು ಉರಿದಾಗ ಹುಟ್ಟುವ ಅನಿಲವೇ ಮಾಡುತ್ತದೆ. ಆದ್ದರಿಂದ ವೇಗ ಹೆಚ್ಚು. ಬೋಲ್ಟ್ ಆಕ್ಷನ್‌ನಲ್ಲಿ ವೇಗ ಕಡಿಮೆ. ಆದರೆ ಗುಂಡು ಹೊರಡುವ ಕ್ಷಣದಲ್ಲಿ ಒಳಗೆ ಹಿಂದೆ ಮುಂದೆ ಓಡಾಡುವ ಭಾರದ ಭಾಗಗಳಿಲ್ಲ, ಬಂದೂಕು ಕದಲುವುದು ಕಡಿಮೆ. ಗುರಿ ನಿಖರವಾಗುವುದಕ್ಕೆ ಇದೇ ಮುಖ್ಯ ಕಾರಣ. ಭಾಗಗಳು ಕಡಿಮೆ ಇರುವುದರಿಂದ ಕೆಡುವುದೂ ಕಡಿಮೆ, ಬಿಚ್ಚಿ ಒರೆಸುವುದೂ ಸುಲಭ.

ಪ್ರಸಿದ್ಧ ಲೀ ಎನ್‌ಫೀಲ್ಡ್ ರೈಫಲ್‌ನ ನಳಿಗೆಯ ಒಳ ಅಳತೆ 0.303 ಇಂಚು, ಅಂದರೆ ಸುಮಾರು 7.7 ಮಿ.ಮೀ. ‘ತ್ರೀ ನಾಟ್ ತ್ರೀ’ ಎಂಬ ಹೆಸರು ಬಂದದ್ದು ಇಲ್ಲಿಂದಲೇ. ತೂಕ ಸುಮಾರು 4 ಕಿಲೋ. ಮ್ಯಾಗಜಿನ್‌ನಲ್ಲಿ 10 ಗುಂಡು. ಚೆನ್ನಾಗಿ ಪಳಗಿದ ಸೈನಿಕ ನಿಮಿಷಕ್ಕೆ 15 ಗುಂಡುಗಳನ್ನು ಗುರಿಯಿಟ್ಟು ಹೊಡೆಯಬಲ್ಲವನಾಗಿದ್ದ. ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯಲ್ಲಿ ಈ ರೈಫಲ್‌ಗಳು ಲಕ್ಷಗಟ್ಟಲೆ ತಯಾರಾದವು.

1948ರಲ್ಲಿ ಸೊಲ್ಲಾಪುರ-ಹೈದರಾಬಾದ್ ರಸ್ತೆ

ಉಮರ್ಗಾ, ನಿಲಂಗಾ, ಉದಗೀರ್ ತಾಲೂಕುಗಳು ಆಗ ನಿಜಾಮ ಸಂಸ್ಥಾನದಲ್ಲಿದ್ದವು. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸೊಲ್ಲಾಪುರದ ಕಡೆಯಿಂದ ಒಳಬಂದಾಗ ಪದಾತಿ ಸೈನಿಕನ ಕೈಯಲ್ಲಿದ್ದ ಮುಖ್ಯ ಆಯುಧ ಇದೇ ಬೋಲ್ಟ್ ಆಕ್ಷನ್ ರೈಫಲ್. ಎದುರಿದ್ದ ರಜಾಕಾರರಲ್ಲಿ ಕೆಲವರ ಬಳಿ ಮಾತ್ರ ಹೊಸ ಬಗೆಯ ಬಂದೂಕುಗಳಿದ್ದವು. ಹೆಚ್ಚಿನವರಲ್ಲಿದ್ದದ್ದು ಬಾಯಿಯಿಂದ ಮದ್ದು ತುಂಬುವ ನಾಡಬಂದೂಕು, ಕತ್ತಿ.

ಅಂದು ಬೆಳಿಗ್ಗೆ ನಳದುರ್ಗದಲ್ಲಿ ಬೋರಿ ನದಿಯ ಸೇತುವೆ ಒಡೆಯುವ ಮೊದಲೇ ಸೇನೆಯ ಕೈಸೇರಿತು. 9 ಗಂಟೆಗೆ ಜಳಕೋಟ, ಮಧ್ಯಾಹ್ನ 3.15ಕ್ಕೆ ಗಡಿಯಿಂದ 61 ಕಿ.ಮೀ. ಒಳಗಿದ್ದ ಉಮರ್ಗಾ. ಸೆಪ್ಟೆಂಬರ್ 17ಕ್ಕೆ ಎಲ್ಲ ಮುಗಿಯಿತು. ಗಡಿಯ ಆಚೆಗೆ ಕಲ್ಯಾಣ ಕರ್ನಾಟಕ ಉತ್ಸವ, ಈಚೆಗೆ ಮರಾಠವಾಡಾ ಮುಕ್ತಿ ಸಂಗ್ರಾಮ ದಿನ ಎಂದು ಆಚರಿಸುವುದು ಇದೇ ದಿನವನ್ನು. ಗಮನಿಸಬೇಕಾದ ಸಂಗತಿ ಎಂದರೆ, ಅಂದೂ ಸಹ ಫಲಿತಾಂಶ ನಿರ್ಧರಿಸಿದ್ದು ಬರೀ ರೈಫಲ್ ಅಲ್ಲ. ಟ್ಯಾಂಕು, ಮೋಟಾರು ವಾಹನ ಮತ್ತು ಮುನ್ನಡೆಯ ವೇಗ.

ಸೇನೆಯಿಂದ ಪೊಲೀಸರ ಕೈಗೆ

1962ರ ಚೀನಾ ಯುದ್ಧದಲ್ಲಿ ಭಾರತೀಯ ಸೈನಿಕರು ಹಳೆಯ 303 ಹಿಡಿದು, ತಾನಾಗಿ ಗುಂಡು ತುಂಬಿಕೊಳ್ಳುವ ಬಂದೂಕುಗಳನ್ನು ಎದುರಿಸಬೇಕಾಯಿತು. ನಂತರ ಸೇನೆಗೆ ಎಸ್‌ಎಲ್‌ಆರ್ ಬಂತು, 1990ರ ದಶಕದಲ್ಲಿ ಇನ್ಸಾಸ್ ಬಂತು. ಇದರ ನಡುವೆ ಈಶಾಪುರದಲ್ಲಿ ಅದೇ ಎನ್‌ಫೀಲ್ಡ್ ಮಾದರಿಯನ್ನು 7.62 ಮಿ.ಮೀ. ಗುಂಡಿಗೆ ಹೊಂದಿಸಿ 2ಎ ಎಂಬ ರೈಫಲ್ ಸಹ ತಯಾರಿಸಲಾಯಿತು. ಸೇನೆ ಬಿಟ್ಟ ರೈಫಲ್‌ಗಳು ರಾಜ್ಯ ಪೊಲೀಸರು, ಹೋಮ್‌ಗಾರ್ಡ್, ರೈಲ್ವೆ ಪಡೆಗಳಲ್ಲಿ ಉಳಿದವು.

ಇದರ ಬೆಲೆ ತಿಳಿದದ್ದು 2008ರ ನವೆಂಬರ್ 26ರ ರಾತ್ರಿ ಮುಂಬೈನಲ್ಲಿ. ಸಿಎಸ್‌ಟಿ ರೈಲು ನಿಲ್ದಾಣಕ್ಕೆ ನುಗ್ಗಿದ ಇಬ್ಬರು ಉಗ್ರರ ಬಳಿ ಎ.ಕೆ. 47, ಗ್ರೆನೇಡ್ ಇದ್ದವು. ಅಲ್ಲಿದ್ದ ಪೊಲೀಸರಲ್ಲಿ ಕೆಲವರ ಬಳಿ ಲಾಠಿ, ಕೆಲವರ ಬಳಿ 303. ನಿಲ್ದಾಣದಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ರಕ್ಷಣಾ ದಳದ ಒಬ್ಬ ಹೆಡ್ ಕಾನ್‌ಸ್ಟೆಬಲ್ 303 ಹಿಡಿದೇ ಉಗ್ರರ ಮೇಲೆ ಗುಂಡು ಹಾರಿಸಿದ್ದೂ ನಿಜ. ಅಂದರೆ ಕೊರತೆ ಇದ್ದದ್ದು ಧೈರ್ಯಕ್ಕಲ್ಲ. ಒಬ್ಬ ಚಿಲಕ ಎಳೆಯುವುದರೊಳಗೆ ಇನ್ನೊಬ್ಬ ಹತ್ತು ಗುಂಡು ಹಾರಿಸಿರುತ್ತಾನೆ. ಹತ್ತಿರದಿಂದ ನಡೆಯುವ ಕಾಳಗದಲ್ಲಿ ಈ ಲೆಕ್ಕ ತಪ್ಪಿಸಲು ಆಗುವುದಿಲ್ಲ.

ಉತ್ತರ ಪ್ರದೇಶ ಪೊಲೀಸರು 2020ರ ಗಣರಾಜ್ಯೋತ್ಸವದ ಪರೇಡಿನೊಂದಿಗೆ 303ಕ್ಕೆ ವಿದಾಯ ಹೇಳಿದರು. ಅದರ ಜಾಗಕ್ಕೆ ಇನ್ಸಾಸ್, ಎಸ್‌ಎಲ್‌ಆರ್ ಬಂದವು. ಆದರೆ ಬಂದೂಕು ಬದಲಾದರೆ ಸಾಲದು. ವರ್ಷಕ್ಕೊಮ್ಮೆ ನಾಲ್ಕು ಗುಂಡು ಹಾರಿಸಿ ಅಭ್ಯಾಸ ಮುಗಿಸುವ ಪೇದೆಗೆ ಯಾವ ಬಂದೂಕು ಕೊಟ್ಟರೂ ಅಷ್ಟೇ.

ಎಲ್ಲಿ ಇನ್ನೂ ಉಳಿದಿದೆ?

ಸ್ನೈಪರ್: ದೂರದಿಂದ ಒಂದೇ ಗುಂಡಿಗೆ ಗುರಿ ಮುಟ್ಟಬೇಕಾದ ಕಡೆ ಬೋಲ್ಟ್ ಆಕ್ಷನ್ ಇಂದಿಗೂ ಮುಂದಿದೆ. ಗಡಿ ನಿಯಂತ್ರಣ ರೇಖೆಯಲ್ಲಿ ಭಾರತೀಯ ಸೇನೆ ಬಳಸುವ ಫಿನ್‌ಲೆಂಡ್‌ನ ಸಾಕೋ ಟಿಆರ್‌ಜಿ 42 ಇದೇ ಬಗೆಯದು. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಕಂಪನಿ ತಯಾರಿಸಿದ ವೈಪರ್ ಮತ್ತು ಸೇಬರ್ ಸಹ ಬೋಲ್ಟ್ ಆಕ್ಷನ್ ಸ್ನೈಪರ್ ರೈಫಲ್‌ಗಳೇ.

ಕ್ರೀಡೆ: 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಬಳಸುವುದು ಸಾಮಾನ್ಯವಾಗಿ 0.22 ಇಂಚಿನ ಬೋಲ್ಟ್ ಆಕ್ಷನ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಸ್ಪರ್ಧೆಯ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಗಡಿ ಜಿಲ್ಲೆಯಾದ ಕೊಲ್ಹಾಪುರದ ಕಂಬಳವಾಡಿಯವರು. 2010ರಲ್ಲಿ 50 ಮೀಟರ್ ಪ್ರೋನ್ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್ ಅವರೂ ಅದೇ ಜಿಲ್ಲೆಯವರು.

ತರಬೇತಿ: ಎನ್‌ಸಿಸಿ ಸೇರಿದ ಹುಡುಗ ಹುಡುಗಿಯರು ಮೊದಲು ಕಲಿಯುವುದು 0.22 ಬೋಲ್ಟ್ ಆಕ್ಷನ್ ರೈಫಲ್. ಒಂದೊಂದೇ ಗುಂಡು ತುಂಬಬೇಕಾದ್ದರಿಂದ ಉಸಿರು ಹಿಡಿಯುವುದು, ಗುರಿ ಇಡುವುದು ಚೆನ್ನಾಗಿ ಅಭ್ಯಾಸವಾಗುತ್ತದೆ.

ಅತಿ ಚಳಿ ಪ್ರದೇಶ: ಕೆನಡಾದ ಉತ್ತರ ತುದಿಯನ್ನು ಕಾಯುವ ರೇಂಜರ್‌ಗಳು ಸುಮಾರು 70 ವರ್ಷ ಲೀ ಎನ್‌ಫೀಲ್ಡ್ ಬಳಸಿದರು. ಅದು ಹಳೆಯದಾಯಿತೆಂದು ಕಳೆದ ದಶಕದಲ್ಲಿ ಬದಲಿಸಿದಾಗ ಅವರಿಗೆ ಕೊಟ್ಟದ್ದು ಮತ್ತೊಂದು ಬೋಲ್ಟ್ ಆಕ್ಷನ್ ರೈಫಲ್. ಹಿಮದಲ್ಲಿ ಕೈಕೊಡುವುದಿಲ್ಲ, ಹಿಮಕರಡಿಗೂ ಸಾಕಾಗುತ್ತದೆ ಎಂಬುದೇ ಕಾರಣ.

ರೈತನಿಗೆ ಇದು ಬೇಕೇ?

ತೊಗರಿ, ಜೋಳ, ಕಬ್ಬಿನ ಹೊಲಕ್ಕೆ ಕಾಡುಹಂದಿ, ಜಿಂಕೆ ಹಿಂಡು ನುಗ್ಗಿದಾಗ ಬಂದೂಕಿನ ಲೈಸೆನ್ಸ್ ಮಾತು ಬರುವುದು ಸಹಜ. 1959ರ ಶಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಹೇಳುವುದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ನಯವಾದ ನಳಿಗೆಯ ಬೇರೆ ಬಂದೂಕು ಸಿಗಬಹುದು. ರೈಫಲ್ ಈ ಲೆಕ್ಕದಲ್ಲಿ ಬರುವುದಿಲ್ಲ. ಬಯಲು ಸೀಮೆಯಲ್ಲಿ ಇದಕ್ಕೆ ಅರ್ಥವಿದೆ. ಗುರಿ ತಪ್ಪಿದ ರೈಫಲ್ ಗುಂಡು ಎರಡು ಕಿಲೋಮೀಟರ್‌ಗಿಂತ ಹೆಚ್ಚು ದೂರ ಹೋಗಬಲ್ಲದು. ಅಷ್ಟರೊಳಗೆ ಪಕ್ಕದ ಊರು, ಹೆದ್ದಾರಿ, ಹೊಲದಲ್ಲಿ ಕೆಲಸ ಮಾಡುವವರು ಎಲ್ಲರೂ ಬರುತ್ತಾರೆ.

ಗಡಿ ಗ್ರಾಮಸ್ಥರು ಇನ್ನೂ ಕೆಲವು ಸಂಗತಿ ತಿಳಿದಿರಬೇಕು:

* ಲೈಸೆನ್ಸ್ ಇದ್ದ ಮಾತ್ರಕ್ಕೆ ಪ್ರಾಣಿ ಹೊಡೆಯುವ ಅಧಿಕಾರ ಬರುವುದಿಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಆದೇಶ ಬೇರೆಯೇ ಬೇಕು. ಕೃಷ್ಣಮೃಗ ಮೊದಲನೇ ಅನುಸೂಚಿಯಲ್ಲಿದೆ. ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಕೊಲ್ಲುವಂತಿಲ್ಲ.

* ಲೈಸೆನ್ಸ್ ಎಲ್ಲಿಯವರೆಗೆ ನಡೆಯುತ್ತದೆ ಎಂದು ಅದರಲ್ಲೇ ಬರೆದಿರುತ್ತದೆ. ಮಹಾರಾಷ್ಟ್ರಕ್ಕೆ ಮಾತ್ರ ಸೀಮಿತವಾಗಿದ್ದರೆ ಬಂದೂಕು ಹಿಡಿದು ಬಸವಕಲ್ಯಾಣದ ಕಡೆ ಹೋಗುವುದು ಅಪರಾಧ. ಹೊಲ ಗಡಿಯ ಎರಡೂ ಕಡೆ ಇರುವವರು ಇದನ್ನು ಮೊದಲು ನೋಡಿಕೊಳ್ಳಬೇಕು.

* 303 ಸೈನ್ಯದ ಅಳತೆಯ ಬಂದೂಕು. ಸಾಮಾನ್ಯ ನಾಗರಿಕರಿಗೆ ನಿಷೇಧಿತ. ಲೈಸೆನ್ಸ್‌ಗೆ ಸಿಗುವ ಈಶಾಪುರದ ಬೋಲ್ಟ್ ಆಕ್ಷನ್ ರೈಫಲ್‌ನ ಅಳತೆ 0.315 ಇಂಚು.

* 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡು ಬಂದೂಕು ಮಾತ್ರ. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ.

ಒಟ್ಟಿನಲ್ಲಿ, ಎದುರಾಳಿಯ ಕೈಯಲ್ಲಿ ಸ್ವಯಂಚಾಲಿತ ಬಂದೂಕು ಇರುವ ಕಡೆ ಬೋಲ್ಟ್ ಆಕ್ಷನ್ ಹಿಡಿದ ಪೇದೆಯನ್ನು ನಿಲ್ಲಿಸುವುದು ಅವನಿಗೂ ಅನ್ಯಾಯ, ಅವನನ್ನು ನಂಬಿದ ಜನರಿಗೂ ಅನ್ಯಾಯ. ಒಂದೇ ಗುಂಡು, ಒಂದೇ ಗುರಿ ಎಂಬ ಕೆಲಸದಲ್ಲಿ ಮಾತ್ರ ಈ ಹಳೆಯ ಚಿಲಕದ ರೈಫಲ್ ಇಂದಿಗೂ ನಿವೃತ್ತಿಯಾಗಿಲ್ಲ.