ಸಹವಾಸ

‘ಸಹ’ ಎಂದರೆ ಜೊತೆ. ‘ವಾಸ’ವೆಂಬುದು ನೆಲಸುವಿಕೆಯನ್ನು ಹೇಳುವ ‘ವಸ್’ ಧಾತುವಿನಿಂದ ಹುಟ್ಟಿದ್ದು. ಸಂಸ್ಕೃತದಲ್ಲಿ ಒಟ್ಟಿಗೆ ಬಾಳುವುದೆಂಬ ನಿರ್ದೋಷವಾದ ಅರ್ಥವುಳ್ಳ ಈ ಶಬ್ದವು ಕನ್ನಡದ ಆಡುಮಾತಿನಲ್ಲಿ ‘ಸಾವಾಸ’ವಾಗಿ ಸವೆದು, ‘ಅವನ ಸಾವಾಸವೇ ಬೇಡ’ ಎನ್ನುವಲ್ಲಿ ಉಪದ್ರವಕ್ಕೂ, ‘ಸಹವಾಸದೋಷ’ವೆಂಬ ಸಮಾಸದಲ್ಲಿ ಪರರಿಂದ ಅಂಟುವ ಕೆಡುಕಿಗೂ ಹೆಸರಾಯಿತು. ಸಜ್ಜನರ ಸಹವಾಸವೆನ್ನುವುದೂ ಉಂಟು. ಆದರೆ ವಿಶೇಷಣವಿಲ್ಲದೆ ನಿಂತಾಗ ಶಬ್ದವು ಕೆಡುಕಿನ ಕಡೆಗೇ ವಾಲುತ್ತದೆ.

ಹೀಗೆ ಅಂಟುವ ಕೆಡುಕನ್ನು ಅಪರಾಧದ ಅಧ್ಯಯನದಲ್ಲಿ ಅರ್ಥಶಾಸ್ತ್ರವೂ ಅಳೆದು ನೋಡಿದೆ. 1968ರಲ್ಲಿ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಅಪರಾಧವನ್ನು, ಲಾಭವನ್ನೂ ಶಿಕ್ಷೆಯ ಸಂಭವ ಹಾಗೂ ತೀವ್ರತೆಗಳನ್ನೂ ತೂಗಿನೋಡುವ ವ್ಯಕ್ತಿಯ ಲೆಕ್ಕಾಚಾರವೆಂದು ನಿರೂಪಿಸಿದಾಗ, ಅಲ್ಲಿ ಸಹವಾಸಕ್ಕೆ ಹೆಚ್ಚಿನ ಎಡೆಯಿರಲಿಲ್ಲ. 1996ರಲ್ಲಿ ಗ್ಲೇಸರ್, ಸಾಸರ್‌ಡೋಟ್, ಶೈಂಕ್‌ಮನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು, ಅಮೆರಿಕದ ನಗರನಗರಗಳ ನಡುವಣ ಅಪರಾಧಪ್ರಮಾಣದ ಅಂತರವು ಸ್ಥಳೀಯ ಸ್ಥಿತಿಗತಿಗಳಿಂದಲೇ ವಿವರಿಸಲಾಗದಷ್ಟು ದೊಡ್ಡದೆಂದು ಕಂಡು, ಪರಸ್ಪರ ಪ್ರಭಾವವು ಸಣ್ಣ ಕಳವು, ವಾಹನಚೌರ್ಯಗಳಲ್ಲಿ ಪ್ರಬಲವೆಂದೂ ಕೊಲೆಯಲ್ಲಿ ನಗಣ್ಯವೆಂದೂ ತೋರಿಸಿದರು.

ಶಬ್ದದ ಮೂಲಾರ್ಥಕ್ಕೆ ತೀರ ಹತ್ತಿರವಾದುದು, ಒಂದೇ ಸೂರಿನಡಿ ಇರಿಸಲ್ಪಟ್ಟ ಫ್ಲಾರಿಡಾದ ಬಾಲಾಪರಾಧಿಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನ. ಒಂದು ಬಗೆಯ ಅಪರಾಧದಲ್ಲಿ ಮೊದಲೇ ಕೈಯಾಡಿಸಿದ್ದ ಹುಡುಗನು ಅದೇ ಬಗೆಯವರ ನಡುವೆ ಇದ್ದು ಬಿಡುಗಡೆಯಾದರೆ, ಹಲವು ಬಗೆಯ ಅಪರಾಧಗಳಲ್ಲಿ, ಮತ್ತೆ ಅದಕ್ಕೇ ಇಳಿಯುವ ಸಂಭವ ಹೆಚ್ಚುತ್ತಿತ್ತು; ಆ ಬಗೆಯ ಅಪರಾಧವನ್ನು ಎಂದೂ ಮಾಡದಿದ್ದವನಲ್ಲಿ ಅಂಥ ಪ್ರಭಾವದ ಸಾಕ್ಷ್ಯ ದೊರೆಯಲಿಲ್ಲ. ಶುದ್ಧನನ್ನು ಕೆಡಿಸುವುದೇ ಸಹವಾಸದೋಷವೆಂದು ನಾವು ಬಗೆಯುತ್ತೇವಷ್ಟೆ. ಇಲ್ಲಿ ಕಂಡದ್ದಾದರೋ ಅಭ್ಯಾಸವಿದ್ದವನ ಕೈಯನ್ನು ಪಳಗಿಸುವ ದೋಷ.